ಬರೆದವನು ಅಳಿಸಬಲ್ಲನೆ?

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನ ಕಡೆ ಮಳೆ ಕೈಕೊಟ್ಟು ಗೋವಿನಜೋಳ ಒಣಗಿದರೂ, ಕೂಡಿಬಂದ ಸಂಬಂಧ ಮುರಿದರೂ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: ‘ಹಣೆಬರಹಕ್ಕೆ ಹೊಣೆ ಯಾರು?’ ಇದಕ್ಕಿಂತ ಗಡುಸಾದ ಪ್ರಶ್ನೆಯೊಂದಿದೆ. ಬರೆದವನಿಗಾದರೂ ಅದನ್ನು ಅಳಿಸುವ ಸ್ವಾತಂತ್ರ್ಯ ಇದೆಯೆ? ನಾಳೆ ತಾನೇನು ಮಾಡುವೆನೆಂದು ದೇವರಿಗೆ ಇಂದೇ ಗೊತ್ತಿದ್ದರೆ ನಾಳೆ ಮನಸ್ಸು ಬದಲಿಸುವಂತಿಲ್ಲ. ಬದಲಿಸಿದರೆ ಇಂದಿನ ಅರಿವು ಸುಳ್ಳಾಗುತ್ತದೆ.

ಕ್ರೈಸ್ತರಿಗೆ ಈ ತೊಡಕು ಎದುರಾದದ್ದು ಬೈಬಲಿನಲ್ಲೇ. ಸಾವು ಬಂತೆಂದು ಪ್ರವಾದಿ ಯೆಶಾಯ ತಿಳಿಸಿದಾಗ ಅರಸ ಹಿಜ್ಕೀಯ ಅತ್ತು ಬೇಡಿಕೊಳ್ಳುತ್ತಾನೆ. 15 ವರ್ಷ ಆಯುಷ್ಯ ಸಿಗುತ್ತದೆ. ದೇವರು ತೀರ್ಮಾನ ಬದಲಿಸಿದನೋ, ಬದಲಾಗುವುದೂ ಮೊದಲೇ ಗೊತ್ತಿತ್ತೋ?

ಇದೇ ತೊಡಕು ಮನುಷ್ಯನ ಸ್ವಾತಂತ್ರ್ಯಕ್ಕೂ ಉಂಟು. ರೋಮಿನ ತತ್ತ್ವಜ್ಞಾನಿ ಸಿಸೆರೊ ಆ ಸ್ವಾತಂತ್ರ್ಯ ಉಳಿಸಲೆಂದು ಭವಿಷ್ಯದ ಅರಿವನ್ನೇ ತಳ್ಳಿಹಾಕಿದ್ದ. 5ನೇ ಶತಮಾನದಲ್ಲಿ ಸಂತ ಅಗಸ್ಟೀನ್ ಎರಡನ್ನೂ ಬಿಡಲೊಪ್ಪಲಿಲ್ಲ. ಸುಮಾರು 524ರಲ್ಲಿ, ಸೆರೆಯಲ್ಲಿ ಸಾವಿಗೆ ಕಾಯುತ್ತಿದ್ದ ತತ್ತ್ವಜ್ಞಾನಿ ಬೋಯಿಥಿಯಸ್ ದಾರಿ ತೋರಿಸಿದ: ದೇವರಿಗೆ ನಿನ್ನೆ ನಾಳೆಗಳಿಲ್ಲ, ಎಲ್ಲವೂ ಈಗಲೇ. ಗುಡ್ಡದ ಮೇಲೆ ನಿಂತವನಿಗೆ ದಾರಿಹೋಕರೆಲ್ಲ ಒಟ್ಟಿಗೆ ಕಾಣುವಂತೆ ಎಂದು 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅದನ್ನು ಬಿಡಿಸಿದ.

1588ರಲ್ಲಿ ಕ್ಯಾಥೊಲಿಕರ ಯೇಸುಸಭೆಯ (ಜೆಸ್ಯುಯಿಟ್) ಲೂಯಿಸ್ ಮೊಲಿನಾ ಹೊಸ ವಾದ ಹೂಡಿದ. ಯಾರು ಯಾವ ಸಂದರ್ಭದಲ್ಲಿ ತಾವಾಗಿ ಏನು ಮಾಡಿಯಾರೆಂಬುದು ಸೃಷ್ಟಿಗೆ ಮೊದಲೇ ದೇವರಿಗೆ ಗೊತ್ತು. ಅದನ್ನರಿತು ಯಾವ ಲೋಕ ಸೃಷ್ಟಿಸಬೇಕೆಂದು ಆತ ಸ್ವತಂತ್ರನಾಗಿ ಆರಿಸುತ್ತಾನೆ. ಕ್ಯಾಥೊಲಿಕರದೇ ಇನ್ನೊಂದು ಸಂನ್ಯಾಸಿ ಸಂಘವಾದ ದೊಮಿನಿಕನ್ನರು ತಿರುಗಿಬಿದ್ದರು. ವರ್ಷಗಟ್ಟಲೆ ವಿಚಾರಣೆ ನಡೆದ ಮೇಲೆ 1607ರಲ್ಲಿ ಪೋಪ್ ಐದನೇ ಪೌಲ್ ಯಾರನ್ನೂ ಗೆಲ್ಲಿಸಲಿಲ್ಲ. ಒಬ್ಬರನ್ನೊಬ್ಬರು ಧರ್ಮಭ್ರಷ್ಟರೆನ್ನಬೇಡಿ ಎಂದಷ್ಟೇ ಹೇಳಿದರು. ಪ್ರೊಟೆಸ್ಟಂಟರ ಡಾರ್ಟ್ ಸಭೆ (1618–19) ಇಷ್ಟು ತಾಳ್ಮೆ ತೋರದೆ, ಮನುಷ್ಯನ ಆಯ್ಕೆಗೆ ಒತ್ತುಕೊಟ್ಟ ಆರ್ಮಿನಿಯಸ್‌ನ ಅನುಯಾಯಿಗಳನ್ನು ಖಂಡಿಸಿತು.

ಪ್ರೊಟೆಸ್ಟಂಟರ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಾಗ ಇಲ್ಲಿನವರಿಗೆ ಈ ಪ್ರಶ್ನೆ ಹಳೆಯದೇ. ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ ಎಂದು ಮಧ್ವಾಚಾರ್ಯರು ಆಗಲೇ ಸಾರಿದ್ದರು. ಚಿಕ್ಕೇರೂರಿಗೆ ದೂರವೇನಲ್ಲದ ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರು ಮಧ್ವಮತದ ದಾಸಪರಂಪರೆಯವರು. ದಾಸರ ಪದಗಳನ್ನು 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. ಅದೇ ಊರಿನಲ್ಲಿ 1879ರಲ್ಲಿ ಮೊಲಿನಾನ ಯೇಸುಸಭೆಯವರು ಸೇಂಟ್ ಜೋಸೆಫ್ ಸೆಮಿನರಿ ತೆರೆದರು.

1994ರಲ್ಲಿ ದೈವಶಾಸ್ತ್ರಜ್ಞ ಕ್ಲಾರ್ಕ್ ಪಿನ್ನಾಕ್ ಮತ್ತು ಸಂಗಡಿಗರು ಉತ್ತರ ಅಮೆರಿಕದಲ್ಲಿ ಈ ಹಳೆಯ ವಾದದ ಬೂದಿ ಕೆದಕಿದರು: ಮನುಷ್ಯ ಇನ್ನೂ ಆರಿಸದ ನಾಳೆ ಇನ್ನೂ ಇಲ್ಲವೇ ಇಲ್ಲ, ಇಲ್ಲದ್ದನ್ನು ಅರಿಯದಿದ್ದರೆ ದೇವರಿಗೆ ಕುಂದಲ್ಲ. 2003ರಲ್ಲಿ ಇವಾಂಜೆಲಿಕಲ್ ಥಿಯಲಾಜಿಕಲ್ ಸೊಸೈಟಿಯಿಂದ ಪಿನ್ನಾಕ್ ಅವರನ್ನು ಹೊರಹಾಕುವ ಪ್ರಸ್ತಾವ ಮತಕ್ಕೆ ಬಿದ್ದು ಸೋತಿತು.

ವಾದದ ಬೇರಿರುವುದು ಗ್ರಂಥಗಳಲ್ಲಿ ಅಲ್ಲ, ಮೊರೆಯಲ್ಲಿ. ದೇವರ ಅರಿವಿಗೆ ಅಂಚಿಲ್ಲವೆಂದವರು ಭರವಸೆಯನ್ನು ಕಾಯ್ದುಕೊಂಡರು. ಆತನ ಸ್ವಾತಂತ್ರ್ಯ ಎತ್ತಿಹಿಡಿದವರು, ಬೇಡಿಕೊಂಡರೆ ಏನಾದರೂ ಬದಲಾದೀತೆಂಬ ನಂಬಿಕೆಯನ್ನು. ಬೇಡುವವನಿಗೆ ಎರಡೂ ಬೇಕು. ಜಗಳ ಇತ್ಯರ್ಥವಾಗದೆ ಉಳಿದಿರುವುದು ಅದಕ್ಕೇ.