ಸೂತ್ರ ಮತ್ತು ವೃತ್ತಿ

ಸೂತ್ರವೆಂಬುದು ನಮ್ಮ ವ್ಯಾಕರಣದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ, ಅದರ ಕೆಳಗೆ ವೃತ್ತಿಯನ್ನೂ, ಎಂದರೆ ವಿವರಣೆಯನ್ನೂ, ಪ್ರಯೋಗಗಳನ್ನೂ ಕೊಟ್ಟನು. ಇಂದಿನ ಸಂಶೋಧಕರು ಗಣಕಯಂತ್ರದ ಕೋಷ್ಟಕದಲ್ಲಿ ಬರೆಯುವುದೂ ಸೂತ್ರವೇ. ಈ ಮನೆಯಿಂದ ಆ ಮನೆಯವರೆಗಿನ ಅಂಕಿಗಳ ಸರಾಸರಿ ತೆಗೆಯೆಂದು ಬರೆದರೆ ಯಂತ್ರವು ಕ್ಷಣದಲ್ಲಿ ತೆಗೆದುಕೊಡುತ್ತದೆ. ಆದರೆ ಯಾವುದನ್ನು ಬಿಟ್ಟೆನು, ಯಾವುದಕ್ಕೆ ಎಷ್ಟು ತೂಕ ಕೊಟ್ಟೆನು ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ.

ಇದರಿಂದ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 20 ಮುಂದುವರಿದ ದೇಶಗಳ ಲೆಕ್ಕವನ್ನು ಪ್ರಕಟಿಸಿದರು. ಸರ್ಕಾರದ ಸಾಲವು ದೇಶದ ವಾರ್ಷಿಕ ಉತ್ಪನ್ನದ ಶೇಕಡ 90ನ್ನು ಮೀರಿದಾಗ ಉತ್ಪನ್ನವು ಬೆಳೆಯುವುದಿರಲಿ, ಸರಾಸರಿ ಶೇಕಡ 0.1ರಷ್ಟು ಇಳಿಯುವುದೆಂದು ಅದು ತೋರಿಸಿತು. ಸರ್ಕಾರಗಳು ವೆಚ್ಚವನ್ನು ಕಡಿತ ಮಾಡಬೇಕೆಂದು ವಾದಿಸುತ್ತಿದ್ದವರಿಗೆ ಇದು ದೊಡ್ಡ ಆಧಾರವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ಆ ಕೋಷ್ಟಕವನ್ನೇ ಕೇಳಿ ಪಡೆದು ನೋಡಿದಾಗ, ಸರಾಸರಿಯ ಸೂತ್ರವು 49ನೆಯ ಪಂಕ್ತಿಯವರೆಗೆ ಹೋಗದೆ 44ರಲ್ಲಿಯೇ ನಿಂತಿದ್ದಿತು. ಐದು ದೇಶಗಳು ಹೊರಗುಳಿದಿದ್ದವು! ಕರ್ತೃಗಳು ಈ ತಪ್ಪನ್ನು ಒಪ್ಪಿಕೊಂಡರು.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಅಂಥ ಭಾರಿ ಸಾಲದಲ್ಲಿ ಬ್ರಿಟನ್ 19 ವರ್ಷ ಇದ್ದಿತು. ಬೆಳವಣಿಗೆ ಸರಾಸರಿ ಶೇಕಡ 2.4. ನ್ಯೂಜಿಲೆಂಡಿನದು ಒಂದೇ ವರ್ಷದ ಲೆಕ್ಕ; ಶೇಕಡ 7.6ರಷ್ಟು ಇಳಿತ. ಎರಡಕ್ಕೂ ಸಮನಾದ ತೂಕವನ್ನೇ ಕೊಡಲಾಗಿತ್ತು. ಈ ಎರಡನ್ನೇ ತೆಗೆದುಕೊಂಡು ವಾಚಕರು ಲೆಕ್ಕ ಮಾಡಿ ನೋಡಬಹುದು. ‘ಬಿ’ ಕಾಲಮಿನಲ್ಲಿ ವರ್ಷಗಳ ಸಂಖ್ಯೆ, ‘ಸಿ’ಯಲ್ಲಿ ದರ ಇರಲಿ. =ಆವರೇಜ್(ಸಿ2:ಸಿ3) ಎಂದರೆ ಬರುವ ಉತ್ತರ −2.6. =ಸಮ್‌ಪ್ರಾಡಕ್ಟ್(ಬಿ2:ಬಿ3,ಸಿ2:ಸಿ3)/ಸಮ್(ಬಿ2:ಬಿ3) ಎಂದರೆ, ಪ್ರತಿ ವರ್ಷಕ್ಕೂ ಒಂದೇ ತೂಕ ಬಿದ್ದು, ಉತ್ತರ 1.9. ಅಂಕಿಗಳು ಅವೇ, ಒಂದು ಸೂತ್ರದಲ್ಲಿ ಇಳಿತ, ಇನ್ನೊಂದರಲ್ಲಿ ಏಳಿಗೆ!

ತಮ್ಮ ತೂಕದ ಕ್ರಮವನ್ನು ಕರ್ತೃಗಳು ಸಮರ್ಥಿಸಿಕೊಂಡರು. ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರಾದರೋ, ಬಿಟ್ಟುಹೋದ ದೇಶ-ವರ್ಷಗಳನ್ನು ಸೇರಿಸಿ, ತೂಕವನ್ನೂ ಬದಲಿಸಿದಾಗ ಸರಾಸರಿ ಬೆಳವಣಿಗೆ ಶೇಕಡ 2.2 ಎಂದು ತೋರಿಸಿದರು. ಪಂಕ್ತಿ ಬಿಟ್ಟದ್ದು ಕೈತಪ್ಪು, ತೂಕವಾದರೋ ಅಭಿಪ್ರಾಯ. ಅಭಿಪ್ರಾಯಭೇದ ಇರಬಹುದು, ಅದು ಸೂತ್ರದೊಳಗೆ ಅಡಗಿರಬಾರದು.

ಆದ್ದರಿಂದ ಸೂತ್ರ ಬರೆಯುವವರು ಪಕ್ಕದ ಮನೆಯಲ್ಲಿ ಅದರ ಅರ್ಥವನ್ನು ಮಾತಿನಲ್ಲಿ ಬರೆದಿಡಲಿ. ಎಷ್ಟು ಅಂಕಿಗಳು ಸೇರಿದವೆಂಬುದನ್ನು ‘ಕೌಂಟ್’ ಸೂತ್ರದಿಂದ ಎಣಿಸಲಿ. ಒಂದೆರಡು ಪಂಕ್ತಿಗಳನ್ನು ಕೈಯಿಂದ ಲೆಕ್ಕ ಹಾಕಿ ತಾಳೆ ನೋಡಲಿ. ವೃತ್ತಿಯಿಲ್ಲದ ಸೂತ್ರವನ್ನು ವ್ಯಾಕರಣದಲ್ಲಿ ವಿದ್ಯಾರ್ಥಿಯು ತಪ್ಪಾಗಿ ಓದಿದರೆ ಒಂದು ಪದ ಕೆಟ್ಟೀತು. ಇಲ್ಲಿ ದೇಶಗಳ ಆಯವ್ಯಯವೇ ಕೆಟ್ಟೀತು.