ಅಮರ್ಜಾ ಭೀಮೆಯನ್ನು ಕೂಡಿದ ಹಾಗೆ

ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಮಹಾರಾಷ್ಟ್ರದಿಂದ ಬಂದ ಭೀಮೆ ಅದನ್ನು ಮಡಿಲಿಗೆ ಹಾಕಿಕೊಂಡು ಜೇವರ್ಗಿಯತ್ತ ಇಳಿಯುತ್ತಾಳೆ. ದಂಡೆಗುಂಟ ಎರೆಹೊಲ. ತೊಗರಿ ಗಿಡದ ತುಂಬ ಹಳದಿ ಹೂ, ಎಳೆ ಕಾಯಿ.

ಜೇವರ್ಗಿಯ ಝೆರಾಕ್ಸ್ ಅಂಗಡಿಯ ಮುಂದೆ ಬೆಳಿಗ್ಗೆಯೇ ಪಾಳಿ. ರುಮಾಲು ಸುತ್ತಿದ ತಂದೆ, ಪಕ್ಕದಲ್ಲಿ ಪಿಯುಸಿ ಮುಗಿಸಿದ ಮಗಳು. ಪ್ಲಾಸ್ಟಿಕ್ ಚೀಲದೊಳಗೆ ಸಾಲಿ ದಾಖಲೆ, ರೇಷನ್ ಕಾರ್ಡ್, ಆಧಾರ್. ಮಣ್ಣು ಹತ್ತಿದ ಬೆರಳನ್ನು ಧೋತರಕ್ಕೆ ಒರೆಸಿಕೊಂಡೇ ಅವನು ಕಾಗದ ಮುಟ್ಟುತ್ತಾನೆ. 'ತ್ರೀ ಸೆವೆಂಟಿಒನ್ ಜೆ ಮಾಡಸೋದದರಿ. ಹೆಸರು ಬರೋಬ್ಬರಿ ಅದ ಏನ್ ನೋಡ್ರಿ.'

ಇಲ್ಲಿನವರೆಂದು ಹೇಳುವ 371(ಜೆ) ಪ್ರಮಾಣಪತ್ರದ ಆ ಒಂದು ಹಾಳೆ ಬಂದ ದಾರಿ ದೊಡ್ಡದು. ನಿಜಾಮನ ಆಳ್ವಿಕೆ 1948ರಲ್ಲಿ ಮುಗಿಯಿತು; 1956ರಲ್ಲಿ ಈ ನೆಲ ಮೈಸೂರು ರಾಜ್ಯ ಸೇರಿತು. ನಿಜಾಮನ ಸೀಮೆಯೇ ಆಗಿದ್ದ ತೆಲಂಗಾಣಕ್ಕೆ 1973ರ ಸಂವಿಧಾನ ತಿದ್ದುಪಡಿಯಲ್ಲೇ ನೌಕರಿ, ಶಿಕ್ಷಣದಲ್ಲಿ 371(ಡಿ) ವಿಧಿಯ ರಕ್ಷಣೆ ಸಿಕ್ಕಿತು. ಇತ್ತ 2002ರಲ್ಲಿ ಪ್ರಾದೇಶಿಕ ಅಸಮತೋಲನದ ಕುರಿತ ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು.

ರೋಗ ಗೊತ್ತಿತ್ತು, ಮದ್ದು ಮಾತ್ರ ಬೆಂಗಳೂರಿನ ಕೈಯಲ್ಲಿರಲಿಲ್ಲ. ಹುಟ್ಟಿದ ಊರು, ವಾಸದ ಊರು ನೋಡಿ ಸರ್ಕಾರಿ ನೌಕರಿಯಲ್ಲಿ ಭೇದ ಮಾಡುವುದನ್ನು ಸಂವಿಧಾನದ 16ನೇ ವಿಧಿ ತಡೆಯುತ್ತದೆ. ವಾಸದ ಷರತ್ತು ಹಾಕುವ ಅಧಿಕಾರ ಸಂಸತ್ತಿಗಷ್ಟೇ. ಅದಕ್ಕೇ 2010ರ ಮಾರ್ಚ್‌ನಲ್ಲಿ ವಿಧಾನಮಂಡಲದ ಎರಡೂ ಸದನಗಳು ನಿರ್ಣಯ ಮಾಡಿ ದಿಲ್ಲಿಯನ್ನು ಕೇಳಿದವು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿ 371(ಜೆ) ವಿಧಿಗೆ ದಾರಿ ಮಾಡಿತು. ಮರುವರ್ಷದ ಆದೇಶಗಳಲ್ಲಿ ಲೆಕ್ಕ ಖಚಿತವಾಯಿತು: ಈ ಭಾಗದ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇ 80, 'ಡಿ' ಗುಂಪಿನಲ್ಲಿ ಶೇ 85, ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ 70 ಇಲ್ಲಿನವರಿಗೆ.

ರಾಜ್ಯದ ಶಾಸನಸಭೆ ದುರ್ಬಲ ಎಂದು ಇದರಿಂದ ಹೇಳಲಾರೆ. ತನ್ನ ಮಿತಿಯನ್ನು ಅರಿತು, ತನ್ನ ಜನರ ನೋವನ್ನು ದಿಲ್ಲಿಗೆ ಮುಟ್ಟಿಸಿದ್ದು ಅದೇ. ಅಮರ್ಜಾ ಭೀಮೆಯನ್ನು ಕೂಡಿದ ಹಾಗೆ ವಿಧಾನಮಂಡಲ, ಸಂಸತ್ತು ಎರಡರ ಬಲ ಒಂದಾದಾಗಲೇ ಕಾನೂನಿಗೆ ಹರಿವು ಬಂತು. ಆದರೆ ಹೊಳೆ ತುಂಬಿ ಹರಿದರೂ ಮೋಟರ್ ಹಚ್ಚದೆ ಹೊಲಕ್ಕೆ ನೀರು ಏರುವುದಿಲ್ಲವೆಂದು ದಂಡೆಯ ರೈತನಿಗೆ ಗೊತ್ತು. ಹುದ್ದೆಗೆ ನೇಮಕ ಕರೆಯದಿದ್ದರೆ ಶೇ 80 ಬರೀ ಅಂಕಿ. ಆ ಕೆಲಸ ಪೂರ್ತಿ ರಾಜ್ಯದ್ದೇ. ಅದಕ್ಕೆ ಯಾವ ತಿದ್ದುಪಡಿಯೂ ಬೇಡ.

ಪಾಳಿ ಸರಿಯಿತು. ಮಗಳು ತನ್ನ ಹೆಸರಿನ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. 'ಬರೋಬ್ಬರಿ ಅದ, ಅಪ್ಪಾ.'