ಕೇಳುಗರು ಉಳಿಸಿಕೊಂಡ ಸಂಗೀತ

ಒಂದೇ ಚಿತ್ರಕ್ಕೆ ಎರಡು ಹಿನ್ನೆಲೆ ಸಂಗೀತ. ಒಂದು ಲಂಡನ್ನಿನ ವಾದ್ಯವೃಂದದ್ದು, ಇನ್ನೊಂದು ಬರ್ಲಿನ್ನಿನ ಸಿಂಥಸೈಜರ್ ತಂಡದ್ದು. ‘ಲೆಜೆಂಡ್’ ಚಿತ್ರದ ಬಗ್ಗೆ ಕೇಳುಗರು ಹೂಡಿದ ವಾದ ನಲವತ್ತು ವರ್ಷವಾದರೂ ನಿಂತಿಲ್ಲ.

ರಿಡ್ಲಿ ಸ್ಕಾಟ್ ನಿರ್ದೇಶನದ ‘ಲೆಜೆಂಡ್’ 1985ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡಾಗ ಪ್ರೇಕ್ಷಕರು ಕೇಳಿದ್ದು ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ: ತುಂಬು ವಾದ್ಯವೃಂದ, ವೃಂದಗಾನ, ಅವುಗಳ ನಡುವೆ ಸುಳಿದಾಡುವ ಸಿಂಥಸೈಜರ್. 1986ರ ಏಪ್ರಿಲ್‌ನಲ್ಲಿ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾಯಿತು. ನಟರು ಅವರೇ, ಕಾಡು ಅದೇ, ಒಂಟಿ ಕೊಂಬಿನ ಬಿಳಿ ಕುದುರೆಗಳೂ ಅವೇ. ಸಂಗೀತ ಮಾತ್ರ ಜರ್ಮನಿಯ ‘ಟ್ಯಾಂಜರೀನ್ ಡ್ರೀಮ್’ ತಂಡದ್ದು. ಅಲ್ಲಿಂದ ಮುಂದೆ ಈ ಚಿತ್ರವನ್ನು ಪ್ರೀತಿಸಿದವರು ಎರಡು ಪಾಳಯವಾದರು.

ಈ ವಾದವನ್ನು ಸಾಮಾನ್ಯವಾಗಿ ವಾದ್ಯವೃಂದಕ್ಕೂ ಸಿಂಥಸೈಜರ್‌ಗೂ ನಡುವಿನ ಜಗಳವೆಂದು ಹೇಳುತ್ತಾರೆ. ಅದು ಹಾಗಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಎರಡೂ ಸಂಗೀತ ಹುಟ್ಟಿದ ಬಗೆಯನ್ನು ನೋಡಿದರೆ ಕೇಳುಗರು ನಿಜವಾಗಿ ತೂಗುತ್ತಿರುವುದು ಏನನ್ನು ಎಂಬುದು ತಿಳಿಯುತ್ತದೆ.

ಚಿತ್ರೀಕರಣಕ್ಕೂ ಮೊದಲೇ ಹುಟ್ಟಿದ ಮಟ್ಟುಗಳು

‘ಲೆಜೆಂಡ್’ ಅಪ್ಪಟ ಅಜ್ಜಿಕಥೆಯ ಧಾಟಿಯ ಚಿತ್ರ. ವಿಲಿಯಂ ಯೋರ್ಟ್ಸ್‌ಬರ್ಗ್ ಬರೆದ ಕಥೆಯಲ್ಲಿ ಕಾಡಿನ ಹುಡುಗ ಜ್ಯಾಕ್ (ಟಾಮ್ ಕ್ರೂಸ್), ರಾಜಕುಮಾರಿ ಲಿಲಿ (ಮಿಯಾ ಸಾರಾ), ಕತ್ತಲೆಯ ಒಡೆಯ (ಟಿಮ್ ಕರ್ರಿ) ಇದ್ದಾರೆ. ಮುಟ್ಟಬಾರದ ಕುದುರೆಯನ್ನು ಲಿಲಿ ಮುಟ್ಟುತ್ತಾಳೆ. ಅದರ ಕೊಂಬು ದುಷ್ಟರ ಪಾಲಾಗಿ ಲೋಕಕ್ಕೆ ಹಿಮ ಕವಿಯುತ್ತದೆ. ಇಡೀ ಕಾಡನ್ನು ಲಂಡನ್ ಸಮೀಪದ ಪೈನ್‌ವುಡ್ ಸ್ಟುಡಿಯೊದ ಒಳಾಂಗಣದಲ್ಲೇ ಕಟ್ಟಲಾಗಿತ್ತು. 1984ರ ಜೂನ್‌ನಲ್ಲಿ ಚಿತ್ರೀಕರಣದ ನಡುವೆಯೇ ಆ ಸೆಟ್ ಬೆಂಕಿಗೆ ಆಹುತಿಯಾಯಿತು.

ಗೋಲ್ಡ್‌ಸ್ಮಿತ್ ಕೆಲಸ ಮೊದಲಾದದ್ದು ಕ್ಯಾಮೆರಾ ತಿರುಗುವುದಕ್ಕೂ ಮುಂಚೆ. ಲಿಲಿ ಹಾಡುವ ಹಾಡುಗಳೂ ಕುಣಿತದ ಸಂಗೀತವೂ ಚಿತ್ರೀಕರಣದ ಹೊತ್ತಿಗೆ ಸಿದ್ಧವಿರಬೇಕಿತ್ತು. ಹಾಡುಗಳಿಗೆ ಸಾಹಿತ್ಯ ಬರೆದವರು ಜಾನ್ ಬೆಟಿಸ್. ಚಿತ್ರ ಮುಗಿದ ಮೇಲೆ ಲಂಡನ್ನಿನಲ್ಲಿ ನ್ಯಾಷನಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಮತ್ತು ಗಾಯಕ ವೃಂದದೊಂದಿಗೆ ಪೂರ್ತಿ ಸಂಗೀತದ ಧ್ವನಿಮುದ್ರಣವಾಯಿತು. ಲಿಲಿ ಆರಂಭದಲ್ಲಿ ಗುನುಗುವ ಮಟ್ಟನ್ನೇ ಮುಂದೆ ತಂತಿವಾದ್ಯಗಳು ಎತ್ತಿಕೊಳ್ಳುತ್ತವೆ, ವೃಂದಗಾನ ಅದನ್ನು ಹಿಗ್ಗಿಸುತ್ತದೆ, ಸಂಕಟದ ಗಳಿಗೆಯಲ್ಲಿ ಅದು ಮುರಿದು ಕೇಳಿಸುತ್ತದೆ, ಕೊನೆಗೆ ಮತ್ತೆ ಕೂಡಿಕೊಳ್ಳುತ್ತದೆ. ಪಾತ್ರದ ಬಾಯಿಂದ ಹೊರಟ ಹಾಡು ಚಿತ್ರದ ಉದ್ದಕ್ಕೂ ಬೆಳೆಯುತ್ತ ಹೋಗುವುದು ಈ ಸಂಗೀತದ ಜೀವಾಳ.

ಇಲ್ಲಿ ಸಿಂಥಸೈಜರ್ ಕೂಡ ಧಾರಾಳವಾಗಿದೆ. ದುಷ್ಟ ಗಾಬ್ಲಿನ್‌ಗಳು ಬಂದಾಗ ವಿದ್ಯುನ್ಮಾನ ಸದ್ದುಗಳು ಕುಪ್ಪಳಿಸುತ್ತವೆ, ಕಿಸಕ್ಕೆನ್ನುತ್ತವೆ, ಗೊರಗುಟ್ಟುತ್ತವೆ. ಗೋಲ್ಡ್‌ಸ್ಮಿತ್‌ಗೆ ಇದು ಹೊಸದೇನಲ್ಲ. 1970ರ ‘ಪ್ಯಾಟನ್’ನಲ್ಲಿ ಟ್ರಂಪೆಟ್‌ನ ಕೂಗನ್ನು ಪ್ರತಿಧ್ವನಿ ಯಂತ್ರಕ್ಕೆ ಹಾಯಿಸಿದ್ದರು. 1976ರ ‘ಲೋಗನ್ಸ್ ರನ್’ನಲ್ಲಿ ಗುಮ್ಮಟದೊಳಗಿನ ನಗರಕ್ಕೆ ವಿದ್ಯುನ್ಮಾನ ಸದ್ದು, ಹೊರಗಿನ ಬಯಲಿಗೆ ವಾದ್ಯವೃಂದ ಎಂದು ಹಂಚಿದ್ದರು. 1984ರ ‘ರನ್‌ಅವೇ’ಗೆ ಪೂರ್ತಿ ಸಿಂಥಸೈಜರ್ ಸಂಗೀತವನ್ನೇ ಕೊಟ್ಟಿದ್ದರು. ತಂತಿವಾದ್ಯ, ಮರದ ಸುಷಿರವಾದ್ಯ, ಹಿತ್ತಾಳೆಯ ಸುಷಿರವಾದ್ಯ, ತಾಳವಾದ್ಯ ಎಂಬ ನಾಲ್ಕು ವಿಭಾಗಗಳ ಜೊತೆಗೆ ಸಿಂಥಸೈಜರ್ ಅವರ ಪಾಲಿಗೆ ಐದನೆಯ ವಿಭಾಗವಾಗಿತ್ತು. ಯಂತ್ರಕ್ಕೆ ಅವರ ವೃಂದದಲ್ಲಿ ಕುರ್ಚಿ ಮೊದಲೇ ಇತ್ತು.

ಕತ್ತರಿ, ಆತುರ, ಬರ್ಲಿನ್

ಸ್ಕಾಟ್ ಮೊದಲು ಪ್ರೇಕ್ಷಕರಿಗೆ ತೋರಿಸಿದ ಪ್ರತಿ 113 ನಿಮಿಷದ್ದು. ಅಮೆರಿಕದಲ್ಲಿ ನಡೆದ ಪ್ರಾಯೋಗಿಕ ಪ್ರದರ್ಶನದಲ್ಲಿ ಪ್ರೇಕ್ಷಕರು ನಿರೀಕ್ಷಿಸಿದಂತೆ ಸ್ಪಂದಿಸಲಿಲ್ಲ. ಸ್ಕಾಟ್ ಕತ್ತರಿ ಕೈಗೆತ್ತಿಕೊಂಡರು. ಯುರೋಪಿಗೆ ಸುಮಾರು 94 ನಿಮಿಷದ ಪ್ರತಿ ಹೋಯಿತು, ಅಮೆರಿಕದ ಪ್ರತಿ 89 ನಿಮಿಷಕ್ಕೆ ಇಳಿಯಿತು. ಅಮೆರಿಕದಲ್ಲಿ ಚಿತ್ರದ ಹಂಚಿಕೆ ಹೊತ್ತಿದ್ದ ಯೂನಿವರ್ಸಲ್ ಸಂಸ್ಥೆಯ ಚುಕ್ಕಾಣಿ ಆಗ ಸಿಡ್ನಿ ಶೈನ್‌ಬರ್ಗ್ ಕೈಯಲ್ಲಿತ್ತು. ಟೆರ್ರಿ ಗಿಲಿಯಂ ಅವರ ‘ಬ್ರೆಜಿಲ್’ ವಿಷಯದಲ್ಲೂ ಅವರು ನಿರ್ದೇಶಕರೊಂದಿಗೆ ಬಹಿರಂಗ ಸಮರಕ್ಕೆ ಇಳಿದದ್ದು ಅದೇ ದಿನಗಳಲ್ಲಿ. ‘ಲೆಜೆಂಡ್’ ಹದಿಹರೆಯದವರನ್ನು ಮುಟ್ಟಬೇಕು, ಅದಕ್ಕೆ ಹೊಸ ಕಾಲದ ಸದ್ದು ಬೇಕು ಎಂಬ ತೀರ್ಮಾನವಾಯಿತು. ಸ್ಕಾಟ್ ಒಪ್ಪಿದರು.

ಆ ಹೊತ್ತಿನ ಗಾಳಿಯೂ ಹಾಗೇ ಬೀಸುತ್ತಿತ್ತು. 1981ರಲ್ಲಿ ಸಂಗೀತ ವಾಹಿನಿ ಎಂಟಿವಿ ಬಂದಿತ್ತು. 1983ರಲ್ಲಿ ಯಮಾಹಾದ ಡಿಎಕ್ಸ್7 ಸಿಂಥಸೈಜರ್, ಕೀಬೋರ್ಡುಗಳನ್ನು ಒಂದಕ್ಕೊಂದು ಬೆಸೆಯುವ ಮಿಡಿ ವ್ಯವಸ್ಥೆ ಎರಡೂ ಮಾರುಕಟ್ಟೆಗೆ ಬಂದಿದ್ದವು. ‘ಚಾರಿಯಟ್ಸ್ ಆಫ್ ಫೈರ್’ನ ಸಿಂಥಸೈಜರ್ ಸಂಗೀತಕ್ಕೆ ವ್ಯಾಂಜೆಲಿಸ್ ಆಸ್ಕರ್ ಗೆದ್ದಾಗಿತ್ತು. 1984ರ ‘ಡ್ಯೂನ್’ಗೆ ಟೋಟೊ ರಾಕ್ ತಂಡ ವಿಯೆನ್ನಾದ ವಾದ್ಯವೃಂದದೊಂದಿಗೆ ಸಂಗೀತ ನೀಡಿತ್ತು. 1985ರ ‘ಲೇಡಿಹಾಕ್’ ಮಧ್ಯಯುಗದ ಕಥೆಯಾದರೂ ಆಂಡ್ರ್ಯೂ ಪವೆಲ್ ಅದರಲ್ಲಿ ವಾದ್ಯವೃಂದದ ಜೊತೆ ರಾಕ್ ತಾಳ ಕೂಡಿಸಿದ್ದರು. ಅದರ ಸಂಗೀತವನ್ನು ಇಂದಿಗೂ ಕೆಲವರು ಮೆಚ್ಚುತ್ತಾರೆ, ಹಲವರು ತಾಳಲಾರರು.

ಬರ್ಲಿನ್ನಿನಲ್ಲಿ ಎಡ್ಗರ್ ಫ್ರೋಸೆ 1967ರಲ್ಲಿ ಕಟ್ಟಿದ ಟ್ಯಾಂಜರೀನ್ ಡ್ರೀಮ್ ತಂಡಕ್ಕೆ ಹಾಲಿವುಡ್ ಆಗಲೇ ಪರಿಚಿತ. ವಿಲಿಯಂ ಫ್ರೀಡ್‌ಕಿನ್ ಅವರ ‘ಸಾರ್ಸರರ್’ (1977), ಮೈಕೆಲ್ ಮ್ಯಾನ್ ಅವರ ‘ಥೀಫ್’ (1981), ಟಾಮ್ ಕ್ರೂಸ್ ಅವರೇ ನಟಿಸಿದ್ದ ‘ರಿಸ್ಕಿ ಬಿಸಿನೆಸ್’ (1983) ಎಲ್ಲದರಲ್ಲೂ ಅವರ ಸಂಗೀತವಿತ್ತು. ಕೆಲವೇ ವಾರಗಳಲ್ಲಿ ಅವರು ಹೊಸ ಸಂಗೀತ ಸಿದ್ಧಪಡಿಸಿದರು. ಜಾನ್ ಆಂಡರ್ಸನ್ ಮತ್ತು ಬ್ರಯಾನ್ ಫೆರ್ರಿ ಹಾಡಿದ ಗೀತೆಗಳೂ ಸೇರಿದವು. ಆದರೂ ಫಲ ಸಿಗಲಿಲ್ಲ. ಸುಮಾರು 2.5 ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 1.5 ಕೋಟಿ ಡಾಲರ್.

ಗೋಲ್ಡ್‌ಸ್ಮಿತ್ ಬಹಳ ನೊಂದುಕೊಂಡರು. ಸ್ಕಾಟ್ ಅವರೊಂದಿಗೆ ಇದು ಎರಡನೆಯ ಪೆಟ್ಟು. 1979ರ ‘ಏಲಿಯನ್’ನಲ್ಲಿ ಅವರು ಬರೆದ ಸಂಗೀತದ ಕೆಲವು ಭಾಗ ತೆಗೆದು, ಅವರದೇ ಹಳೆಯ ‘ಫ್ರಾಯ್ಡ್’ ಚಿತ್ರದ ತುಣುಕುಗಳನ್ನು ಸೇರಿಸಲಾಗಿತ್ತು. ಕೊನೆಗೆ ಹೊವಾರ್ಡ್ ಹ್ಯಾನ್ಸನ್ ಅವರ ಸಿಂಫನಿಯ ಭಾಗವನ್ನು ಜೋಡಿಸಲಾಗಿತ್ತು. ‘ಲೆಜೆಂಡ್’ ನಂತರ ಇಬ್ಬರೂ ಮತ್ತೆ ಜೊತೆಯಾಗಿ ಕೆಲಸ ಮಾಡಲಿಲ್ಲ.

ಒಂದು ಮಾತನ್ನು ಇಲ್ಲಿ ನ್ಯಾಯಕ್ಕಾಗಿ ಹೇಳಬೇಕು. ಸಂಗೀತ ಬದಲಿಸುವುದೇ ಪಾಪವಲ್ಲ. 1974ರ ‘ಚೈನಾಟೌನ್’ಗೆ ಮೊದಲು ಸಂಗೀತ ಮಾಡಿದ್ದವರು ಫಿಲಿಪ್ ಲ್ಯಾಂಬ್ರೊ. ಅದನ್ನು ಕೈಬಿಟ್ಟಾಗ ಹತ್ತೇ ದಿನದಲ್ಲಿ ಹೊಸದನ್ನು ಬರೆದವರು ಇದೇ ಗೋಲ್ಡ್‌ಸ್ಮಿತ್. ಅದನ್ನು ಇಂದು ಚಿತ್ರಸಂಗೀತದ ಶ್ರೇಷ್ಠ ಮಾದರಿಗಳಲ್ಲಿ ಎಣಿಸುತ್ತಾರೆ.

ಎರಡು ಪಾಳಯದ ಮಾತು

ಗೋಲ್ಡ್‌ಸ್ಮಿತ್ ಪರ ನಿಲ್ಲುವವರು ಹೇಳುವುದು ಹೀಗೆ: ಈ ಸಂಗೀತಕ್ಕೆ ಕಥೆ ಗೊತ್ತು. ಲಿಲಿ ಯಾರು, ಏನು ಕಳೆದುಕೊಂಡಳು, ಹೇಗೆ ಮರಳಿದಳು ಎಂಬುದೆಲ್ಲ ಮಟ್ಟುಗಳಲ್ಲೇ ಅಡಗಿದೆ. ವೃಂದಗಾನವೂ ಮಿನುಗುವ ಸುಷಿರವಾದ್ಯಗಳೂ ಫ್ರೆಂಚ್ ಸಂಗೀತಕಾರ ರವೆಲ್ ಅವರ ಬ್ಯಾಲೆಯನ್ನು ನೆನಪಿಸುತ್ತವೆ ಎಂದು ಅನೇಕರು ಮೆಚ್ಚುತ್ತಾರೆ. ಗೋಲ್ಡ್‌ಸ್ಮಿತ್ ಕೃತಿಗಳಲ್ಲೇ ಇದು ಶ್ರೇಷ್ಠವೆಂದು ಎದೆ ತಟ್ಟಿ ಹೇಳುವವರೂ ಇದ್ದಾರೆ.

ಟ್ಯಾಂಜರೀನ್ ಡ್ರೀಮ್ ಪರ ಇರುವವರ ಮಾತೂ ಹಗುರವಲ್ಲ. ಅಮೆರಿಕದಲ್ಲಿ ವಿಡಿಯೊ ಕ್ಯಾಸೆಟ್ಟಿನಲ್ಲೂ ಟೀವಿಯಲ್ಲೂ ‘ಲೆಜೆಂಡ್’ ನೋಡಿ ಬೆಳೆದ ಪೀಳಿಗೆಗೆ ಕಾಡಿನ ತೇಲುವ ಧೂಳು, ಸೀಳಿ ಬರುವ ಬೆಳಕು, ಮಂದವಾಗಿ ಮಿಡಿಯುವ ಸಿಂಥಸೈಜರ್ ಒಂದೇ ನೆನಪಾಗಿ ಬೆರೆತಿವೆ. ಕಥೆ ತೆಳುವಾಗಿರುವ ಕಡೆ ಈ ಸಂಗೀತ ಕನಸಿನ ಮಂಪರು ಹಬ್ಬಿಸುತ್ತದೆ, ಪ್ರಶ್ನೆ ಕೇಳಲು ಬಿಡುವುದಿಲ್ಲ ಎನ್ನುತ್ತಾರೆ. ಲಿಲಿಯ ಹಾಡುಗಳು ಅತಿ ಸಿಹಿಯಾದವು ಎಂಬುದು ಅವರ ದೂರು. ಗಾಬ್ಲಿನ್‌ಗಳ ಸಿಂಥಸೈಜರ್ ಸದ್ದು ಹಳತಾಗಿ ಕೇಳಿಸುತ್ತದೆ ಎಂಬ ಟೀಕೆಯಂತೂ ಗೋಲ್ಡ್‌ಸ್ಮಿತ್ ಅಭಿಮಾನಿಗಳಿಂದಲೇ ಬರುವುದುಂಟು.

ಹಾಗಾದರೆ ಕೇಳುಗರು ಸಿಂಥಸೈಜರನ್ನು ದೂರವಿಟ್ಟರೆ? ಇಲ್ಲ. ಇದಕ್ಕೆ ಸ್ಕಾಟ್ ಅವರ ಇನ್ನೊಂದು ಚಿತ್ರವೇ ಸಾಕ್ಷಿ. 1982ರ ‘ಬ್ಲೇಡ್ ರನ್ನರ್’ಗೆ ವ್ಯಾಂಜೆಲಿಸ್ ಸಿಂಥಸೈಜರ್‌ಗಳಲ್ಲೇ ಸಂಗೀತ ಹೆಣೆದಿದ್ದರು. ಆ ವರ್ಷ ಅಂಗಡಿಗೆ ಬಂದ ಧ್ವನಿಮುದ್ರಿಕೆಯಲ್ಲಿ ಅದೇ ಸಂಗೀತವನ್ನು ಬೇರೊಂದು ವಾದ್ಯವೃಂದ ನುಡಿಸಿತ್ತು. ಕೇಳುಗರಿಗೆ ಅದು ಸಾಲದಾಯಿತು. ವ್ಯಾಂಜೆಲಿಸ್ ಅವರದೇ ಧ್ವನಿಮುದ್ರಿಕೆ ಹೊರಬರಲು 1994ರವರೆಗೆ ಕಾಯಬೇಕಾಯಿತು. ಅಷ್ಟೂ ಕಾಲ ಜನ ಅದೇ ಬೇಕೆಂದು ಕೇಳುತ್ತ ಬಂದರು. ಅಲ್ಲಿ ಅವರಿಗೆ ಯಂತ್ರದ ನಾದವೇ ಬೇಕಿತ್ತು, ಏಕೆಂದರೆ ಆ ಚಿತ್ರದ ಮಳೆ, ಹೊಗೆ, ದೀಪಗಳೊಂದಿಗೆ ಬೆಳೆದದ್ದು ಆ ನಾದ. ‘ಲೆಜೆಂಡ್’ ಜೊತೆಗೆ ಬೆಳೆದದ್ದು ಗೋಲ್ಡ್‌ಸ್ಮಿತ್ ಸಂಗೀತ. ಚಿತ್ರದ ಜೊತೆಗೇ ಹುಟ್ಟಿದ ಸಂಗೀತ ಯಾವುದು, ಆಮೇಲೆ ಬಂದು ಕೂತದ್ದು ಯಾವುದು ಎಂಬುದನ್ನು ಕಿವಿ ಗುರುತಿಸುತ್ತದೆ. ವಾದ್ಯ ಯಾವುದೆಂಬ ಪ್ರಶ್ನೆ ಅದರ ನಂತರದ್ದು.

ಕಪ್ಪು ಉಡುಪಿನ ಕುಣಿತ

ಈ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗುವುದು ಒಂದು ದೃಶ್ಯದಲ್ಲಿ. ಕತ್ತಲೆಯ ಒಡೆಯನ ಅರಮನೆಯಲ್ಲಿ ಬಂದಿಯಾದ ಲಿಲಿಯ ಮುಂದೆ ಮುಖವಿಲ್ಲದ ಕಪ್ಪು ಉಡುಪೊಂದು ಕುಣಿಯತೊಡಗುತ್ತದೆ. ಅವಳು ಹೆದರುತ್ತಾಳೆ, ಸೋಜಿಗಪಡುತ್ತಾಳೆ, ಜೊತೆಗೆ ಹೆಜ್ಜೆ ಹಾಕುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಉಡುಪು ಅವಳ ಮೈಮೇಲಿರುತ್ತದೆ.

ಗೋಲ್ಡ್‌ಸ್ಮಿತ್ ಇದಕ್ಕೆ ಮೂರು ಎಣಿಕೆಯ ವಾಲ್ಟ್ಸ್ ಬರೆದರು. ಮೊದಲು ಕುತೂಹಲ, ಆಮೇಲೆ ಸೆಳೆತ, ಕೊನೆಗೆ ತಪ್ಪಿಸಿಕೊಳ್ಳಲಾಗದ ಸುಳಿ. ನಟಿಯ ಹೆಜ್ಜೆ ಈ ಎಣಿಕೆಗೇ ಹುಟ್ಟಿದ್ದು. ಅವಳು ತಿರುಗಿದಾಗ ಸಂಗೀತವೂ ತಿರುಗುತ್ತದೆ, ಅವಳು ಸೋತಾಗ ಅದು ಗೆಲ್ಲುತ್ತದೆ. ಟ್ಯಾಂಜರೀನ್ ಡ್ರೀಮ್ ತಂಡದವರ ಎದುರಿಗಿದ್ದುದು ಬೇರೊಬ್ಬರ ಲಯಕ್ಕೆ ಕುಣಿದು ಮುಗಿದಿದ್ದ ಹೆಜ್ಜೆಗಳು. ಕೆಲವೇ ವಾರಗಳ ಅವಧಿಯಲ್ಲಿ ಅವರು ಆ ದೃಶ್ಯಕ್ಕೆ ನಿಗೂಢವಾದ ಹೊದಿಕೆ ಹೊಚ್ಚಿದರು. ಅದು ಪ್ರತಿಭಾವಂತರ ಕೆಲಸವೇ ಹೌದು. ಆದರೆ ಕುಣಿತಕ್ಕೆ ಬೇಕಾದದ್ದು ಒಳಗಿನಿಂದ ಎದ್ದ ತಾಳ. ಅದು ಇರುವುದು ಗೋಲ್ಡ್‌ಸ್ಮಿತ್ ಸಂಗೀತದಲ್ಲಿ. ನನ್ನ ಮತ ಅವರಿಗೇ.

ಹದಿನಾರು ವರ್ಷದ ನಂತರ

ಚಿತ್ರದಿಂದ ಹೊರಬಿದ್ದ ಸಂಗೀತ ಬದುಕಿದ್ದು ಧ್ವನಿಮುದ್ರಿಕೆಯಲ್ಲಿ. ಯುರೋಪಿನ ಪ್ರತಿಯಲ್ಲಿ ಗೋಲ್ಡ್‌ಸ್ಮಿತ್ ಸಂಗೀತವಿದ್ದರೂ ಕತ್ತರಿಸಿದ ದೃಶ್ಯಗಳಿಗೆ ಹೊಂದಿಸಲು ಅದನ್ನು ತುಂಡರಿಸಲಾಗಿತ್ತು. ಅಲ್ಲಲ್ಲಿ ಅವರ ‘ಸೈಕೊ 2’ರ ತುಣುಕುಗಳನ್ನೂ ತೇಪೆ ಹಾಕಲಾಗಿತ್ತು. 1992ರಲ್ಲಿ ಸಿಲ್ವಾ ಸ್ಕ್ರೀನ್ ಸಂಸ್ಥೆ ಹೊರತಂದ ಸಿಡಿ ಅಭಿಮಾನಿಗಳ ಕೈಸೇರಿತು. ಅಮೆರಿಕದಲ್ಲಿ ಚಿತ್ರ ನೋಡಿದ್ದವರು ತಾವು ಕೇಳದೆ ಹೋದದ್ದು ಎಂಥ ಸಂಗೀತ ಎಂದು ಮೊದಲು ಅರಿತದ್ದು ಇಂಥ ಧ್ವನಿಮುದ್ರಿಕೆಗಳಿಂದ. ಚಿತ್ರಸಂಗೀತ ಪತ್ರಿಕೆಗಳಲ್ಲಿ, ಸಂಗ್ರಾಹಕರ ವಲಯದಲ್ಲಿ ಚರ್ಚೆ ಕಾವೇರಿತು.

ಅದೇ ಹೊತ್ತಿಗೆ, 1993ರಲ್ಲಿ, ಗೋಲ್ಡ್‌ಸ್ಮಿತ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಸ್ಟ್ಯಾನ್ಲಿ ಕುಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಕೈಬಿಟ್ಟಿದ್ದ ಅಲೆಕ್ಸ್ ನಾರ್ತ್ ಅವರ ಸಂಗೀತವನ್ನು ಅದೇ ನ್ಯಾಷನಲ್ ಫಿಲ್‌ಹಾರ್ಮೋನಿಕ್‌ನೊಂದಿಗೆ ತಾವೇ ನಿರ್ದೇಶಿಸಿ ಮುದ್ರಿಸಿದರು. ನಾರ್ತ್ ಆಗ ತೀರಿಕೊಂಡು ಎರಡು ವರ್ಷವಾಗಿತ್ತು. ತಿರಸ್ಕಾರದ ನೋವುಂಡ ಹಿರಿಯ ಮಿತ್ರನ ಸಂಗೀತವನ್ನು, ಆ ನೋವು ಬಲ್ಲ ಇನ್ನೊಬ್ಬರು ಕೇಳುಗರಿಗೆ ತಲುಪಿಸಿದರು.

2002ರಲ್ಲಿ ‘ಲೆಜೆಂಡ್’ ಎರಡು ಡಿಸ್ಕ್‌ಗಳ ಡಿವಿಡಿಯಾಗಿ ಬಂತು. ಒಂದರಲ್ಲಿ ಗೋಲ್ಡ್‌ಸ್ಮಿತ್ ಸಂಗೀತವಿರುವ 113 ನಿಮಿಷದ ನಿರ್ದೇಶಕರ ಆವೃತ್ತಿ, ಇನ್ನೊಂದರಲ್ಲಿ ಟ್ಯಾಂಜರೀನ್ ಡ್ರೀಮ್ ಸಂಗೀತದ ಅಮೆರಿಕನ್ ಆವೃತ್ತಿ. ಗೋಲ್ಡ್‌ಸ್ಮಿತ್ ಅದನ್ನು ಕಾಣಲು ಬದುಕಿದ್ದರು. ಎರಡು ವರ್ಷದ ನಂತರ, 2004ರ ಜುಲೈನಲ್ಲಿ, 75ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಎರಡನ್ನೂ ಒಟ್ಟಿಗೆ ಕೊಟ್ಟದ್ದು ಸರಿಯಾದ ತೀರ್ಪು. ಗೋಲ್ಡ್‌ಸ್ಮಿತ್ ಹೆಚ್ಚು ಎಂದು ನಾನು ಹೇಳಬಲ್ಲೆನಾದರೂ, ಇನ್ನೊಬ್ಬರ ಬಾಲ್ಯದ ಕಾಡಿನಿಂದ ಟ್ಯಾಂಜರೀನ್ ಡ್ರೀಮ್ ನಾದವನ್ನು ಅಳಿಸುವ ಹಕ್ಕು ನನಗಿಲ್ಲ. ಪ್ರಾಯೋಗಿಕ ಪ್ರದರ್ಶನಕ್ಕೆ ಬಂದ ಪ್ರೇಕ್ಷಕ ಒಂದು ಸಂಜೆ ಒಮ್ಮೆ ಕೇಳುತ್ತಾನೆ. ಚಿತ್ರಸಂಗೀತದ ಬೆಲೆ ತಿಳಿಯುವುದು ಹತ್ತನೆಯ ಸಲ, ಇಪ್ಪತ್ತನೆಯ ಸಲ ಕೇಳಿದಾಗ. ಆ ಅವಕಾಶ ಸಿಗಬೇಕಾದರೆ ಧ್ವನಿಮುದ್ರಣ ಉಳಿದಿರಬೇಕು, ಜನರ ಕೈಗೆ ಸಿಗಬೇಕು.

ನಮ್ಮಲ್ಲೂ ಈ ಮಾತಿಗೆ ಅರ್ಥವಿದೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹಾಡುಗಳು ಮನೆಮನೆಯಲ್ಲಿವೆ. ಅದೇ ಚಿತ್ರಗಳ ಹಿನ್ನೆಲೆ ಸಂಗೀತ ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ಬಂದದ್ದು ತೀರಾ ವಿರಳ. ಎಲ್ಲಾದರೂ ಮೂಲ ಟೇಪುಗಳು ಉಳಿದಿದ್ದರೆ ಅವನ್ನು ಹುಡುಕಿ, ಶುದ್ಧಗೊಳಿಸಿ ಹೊರತರಬೇಕು. ಅವನ್ನು ಕೇಳುವವರು ಇದ್ದೇ ಇರುತ್ತಾರೆ.